ರಿಪೇರಿಯಾದ ಮೇಲೆ ಹಾಳಾದ ಲ್ಯಾಪ್‌ಟಾಪ್: ಅದೇ ಅಂಗಡಿಗೋ, ಮಂಗಳೂರಿಗೋ, ಮನೆಯ ಮೇಜಿಗೋ?

ಜೂನ್ ತಿಂಗಳ ಮಳೆ. ಮಗಳ ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ನಾಲ್ಕು ಅಕ್ಷರ ಬೀಳುತ್ತಿರಲಿಲ್ಲ. ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ನಾಡಿದ್ದು ಬನ್ನಿ ಅಂದರು, ಆರನೇ ದಿನ ಕೈಗೆ ಬಂತು. ಕೀಬೋರ್ಡ್ ಸರಿಯಾಗಿತ್ತು. ಮನೆಗೆ ತಂದು ನೋಡಿದರೆ ವೈಫೈ ಮೋಡೆಮ್ ಇರುವ ಕೋಣೆಯಲ್ಲಿ ಮಾತ್ರ ಸಿಗುತ್ತದೆ, ಚಾವಡಿಗೆ ಬಂದರೆ ಮಾಯ. ಟಚ್‌ಪ್ಯಾಡಿನ ಎಡಬದಿ ಒತ್ತಿದರೆ ಟಿಕ್ ಅನ್ನುವುದಿಲ್ಲ. ಕೈ ಊರುವ ಜಾಗದಲ್ಲಿ ಗುಳ್ಳೆ ಎದ್ದ ಹಾಗೆ ಒಂದು ಸಣ್ಣ ಉಬ್ಬು ಬೇರೆ.

"ಅಪ್ಪಾ, ಇದೆಲ್ಲ ಮೊದಲು ಇರಲಿಲ್ಲ" ಅಂದಳು ಮಗಳು.

ಇಂಥ ಹೊತ್ತಿನಲ್ಲಿ ಕಾಸರಗೋಡಿನ ಕಡೆಯವರಿಗೆ ಕೆಲವು ದಾರಿಗಳಿವೆ. ಅದೇ ಅಂಗಡಿಗೆ ವಾಪಸ್ ಹೋಗಬಹುದು. ನಾವೇ ಬಿಚ್ಚಿ ನೋಡಬಹುದು. ಪೇಟೆಯಲ್ಲೇ ಇನ್ನೊಂದು ಅಂಗಡಿ ಹುಡುಕಬಹುದು. ಬಸ್ಸು ಹತ್ತಿ ಮಂಗಳೂರಿನ ಚಿಪ್ ಲೆವೆಲ್ ರಿಪೇರಿಯವರ, ಅಂದರೆ ಬೋರ್ಡಿನ ಮೇಲಿನ ಬಿಡಿ ಚಿಪ್ಪುಗಳನ್ನೇ ಸರಿ ಮಾಡುವವರ, ಹತ್ತಿರ ಹೋಗಬಹುದು, ಅಥವಾ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ. ಯಾವುದೂ ಬೇಡ ಅಂದರೆ ಅದನ್ನು ಬಿಟ್ಟು ಬೇರೆ ತೆಗೆದುಕೊಳ್ಳಬಹುದು. ಇದರಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು: ರಿಪೇರಿ ಮಾಡಿದವರ ಕೈ ಒಳಗೆ ಎಲ್ಲಿಯವರೆಗೆ ಹೋಗಿತ್ತು? ಬರೀ ಸ್ಕ್ರೂಡ್ರೈವರ್ ಹೋಗಿದ್ದಾ, ಇಲ್ಲ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನೂ ಹೋಗಿದ್ದಾ? ರಿಪೇರಿಯ ನಂತರ ಹುಟ್ಟಿದ ಹೊಸ ತೊಂದರೆ ಹೆಚ್ಚಾಗಿ ಆ ಕೈ ಹೋದ ದಾರಿಯಲ್ಲೇ ಬಿದ್ದಿರುತ್ತದೆ. ಆ ದಾರಿ ಗೊತ್ತಾದರೆ ಎಲ್ಲಿಗೆ ಹೋಗಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಕೈ ಹೋದ ದಾರಿ

ಕೀಬೋರ್ಡ್ ಬದಲಿಸುವುದು ಸಣ್ಣ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಅತಿ ದೊಡ್ಡ ಕೆಲಸ. ಕೀಬೋರ್ಡನ್ನು ಮೇಲಿನ ಪ್ಲಾಸ್ಟಿಕ್ ಬಾಡಿಗೆ ಕರಗಿಸಿ ಅಂಟಿಸಿರುತ್ತಾರೆ. ಅದನ್ನು ತೆಗೆಯಬೇಕಾದರೆ ಬ್ಯಾಟರಿ, ಫ್ಯಾನ್, ಮದರ್‌ಬೋರ್ಡ್, ಸ್ಪೀಕರ್, ವೈಫೈ ವೈರು, ಪರದೆಯ ಕೇಬಲ್ ಎಲ್ಲ ಕಳಚಬೇಕು. ಅಂದರೆ ಕೀಬೋರ್ಡಿಗೆ ಕೊಟ್ಟು ಬಂದ ಮೇಲೆ ಸೌಂಡ್ ಹೋದರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಸ್ಪೀಕರಿನ ಪಿನ್ ಚುಚ್ಚಲು ಮರೆತಿರುತ್ತಾರೆ, ಅಷ್ಟೇ.

ಹಿಂಜ್, ಅಂದರೆ ಪರದೆಯನ್ನು ತೆರೆದು ಮುಚ್ಚುವ ಕೀಲು, ಅದರ ರಿಪೇರಿಯದ್ದು ಇನ್ನೊಂದು ಕಥೆ. ಪರದೆಯ ಕೇಬಲ್ಲು, ವೈಫೈ ಆಂಟೆನಾದ ಎರಡು ತೆಳು ವೈರು, ಕ್ಯಾಮೆರಾದ ವೈರು, ಎಲ್ಲವೂ ಹಿಂಜಿನ ಪಕ್ಕದಲ್ಲೇ ಹಾದು ಹೋಗುತ್ತವೆ. ಮುರಿದ ಪ್ಲಾಸ್ಟಿಕ್ಕಿಗೆ ಎಂ-ಸೀಲ್ ಮೆತ್ತಿ ಅವಸರದಲ್ಲಿ ಮುಚ್ಚಿದರೆ ಕೇಬಲ್ ಮಧ್ಯೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಪರದೆಯನ್ನು ಒಂದು ಕೋನದಲ್ಲಿ ಇಟ್ಟರೆ ಚಿತ್ರ ಬರುತ್ತದೆ, ಸ್ವಲ್ಪ ಬಗ್ಗಿಸಿದರೆ ಹೋಗುತ್ತದೆ ಅಂತಾದರೆ ಮೊದಲ ಅನುಮಾನ ಇದೇ ಕೇಬಲಿನ ಮೇಲೆ. ಹೊಸ ಪರದೆ ಹಾಕಬೇಕು ಅಂತ ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ.

ಪರದೆ ಬದಲಿಸಿದ ಮೇಲೆ ಪೂರ್ತಿ ಕಪ್ಪಾಗಿದ್ದರೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಒಳಗೆ ಮಸುಕಾಗಿ ಚಿತ್ರ ಕಂಡರೆ ಪರದೆ ಬದುಕಿದೆ, ಹಿಂದಿನ ಬೆಳಕು ಮಾತ್ರ ಇಲ್ಲ. ಬ್ಯಾಟರಿಯ ಪಿನ್ ಕೀಳದೆ ಪರದೆಯ ಕೇಬಲ್ ಚುಚ್ಚಿದರೆ ಬೋರ್ಡಿನ ಮೇಲಿರುವ ಸಾಸಿವೆ ಕಾಳಿಗಿಂತ ಚಿಕ್ಕ ಫ್ಯೂಸ್ ಸುಟ್ಟು ಹೋಗಬಹುದು. ಇದು ಅವಸರದ ಕೈಗಳ ಮಾಮೂಲಿ ತಪ್ಪು. ಇದನ್ನು ಸರಿ ಮಾಡಲು ಮೈಕ್ರೋಸ್ಕೋಪ್ ಇರುವವರೇ ಬೇಕು, ನಮ್ಮ ನಿಮ್ಮಿಂದ ಆಗದು.

ಧೂಳು ತೆಗೆಸಿ, ಪ್ರೊಸೆಸರಿನ ಬಿಸಿ ದಾಟಿಸುವ ಪೇಸ್ಟ್ ಹಾಕಿಸಿದ ಮೇಲೆ ಜಾಸ್ತಿ ಬಿಸಿಯಾಗಲು ಶುರುವಾದರೆ ಮೂರರಲ್ಲಿ ಒಂದು ಆಗಿರುತ್ತದೆ. ಫ್ಯಾನಿನ ಪಿನ್ ಚುಚ್ಚಿಲ್ಲ. ಅಥವಾ ಬಿಸಿ ದಾಟಿಸುವ ಮೆತ್ತೆ, ಹಳೆಯ ಥರ್ಮಲ್ ಪ್ಯಾಡ್, ಹರಿದು ಹೋದಾಗ ಅದರ ಬದಲು ಬರೀ ಪೇಸ್ಟ್ ಬಳಿದಿದ್ದಾರೆ. ಅಥವಾ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಸ್ಕ್ರೂಗಳನ್ನು ಅದರ ಮೇಲೆಯೇ ಅಚ್ಚೊತ್ತಿರುವ 1, 2, 3, 4 ಎಂಬ ಕ್ರಮದಲ್ಲಿ ಬಿಗಿ ಮಾಡದೆ ಒಂದು ಬದಿ ಎತ್ತಿಕೊಂಡಿದೆ.

ರ‍್ಯಾಮ್ ಅಥವಾ ಎಸ್‌ಎಸ್‌ಡಿ (ಫೈಲು ಉಳಿಯುವ ಡಿಸ್ಕು) ಹಾಕಿಸಿದ ಮೇಲೆ ಆನ್ ಆಗದಿದ್ದರೆ ಮುಕ್ಕಾಲು ಪಾಲು ಅದು ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಡೆಲ್‌ನವರ ಎಷ್ಟೋ ಮಾಡೆಲ್‌ಗಳಲ್ಲಿ ದೀಪ ಕಿತ್ತಳೆ ಬಣ್ಣದಲ್ಲಿ 2 ಸಲ, ಬಿಳಿ ಬಣ್ಣದಲ್ಲಿ 3 ಸಲ ಮಿಣುಕಿದರೆ ರ‍್ಯಾಮ್ ಕಾಣುತ್ತಿಲ್ಲ ಎಂದರ್ಥ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ ಮಿಣುಕುವುದು ಇದೇ ಥರದ ಸಂಕೇತ. ಆ ಮಿಣುಕನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಯಾರ ಹತ್ತಿರ ಹೋದರೂ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಅಂಗಡಿಯವರ ಪರವಾಗಿ. ರಿಪೇರಿಯ ನಂತರ ಆದದ್ದೆಲ್ಲ ರಿಪೇರಿಯಿಂದಲೇ ಆದದ್ದಲ್ಲ. ನಮ್ಮಲ್ಲಿ ಸಂಜೆಯ ಗುಡುಗು ಮಿಂಚಿಗೆ ಚಾರ್ಜರ್ ಸಾಯುವುದು ಸಾಮಾನ್ಯ. ಲ್ಯಾಪ್‌ಟಾಪ್ ಅಂಗಡಿಯಿಂದ ಬಂದ ವಾರದಲ್ಲೇ ಅದಾದರೆ ಬೈಗುಳ ಮಾತ್ರ ಅಂಗಡಿಯವನಿಗೆ. ಹಾಗಾಗಿ ಮೊದಲು ಬೇರೆ ಚಾರ್ಜರಿನಲ್ಲಿ ನೋಡಿ. ಹಿಂದಿನ ಸ್ಟಿಕ್ಕರಿನಲ್ಲಿ ವೋಲ್ಟ್ ಅಷ್ಟೇ ಇರಬೇಕು, ಡೆಲ್ ಮತ್ತು ಎಚ್‌ಪಿಯಲ್ಲಿ ಹೆಚ್ಚಾಗಿ 19.5, ಲೆನೊವೊದಲ್ಲಿ 20. ವ್ಯಾಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್ನೂ ಅದೇ ಥರದ್ದಾಗಿರಬೇಕು.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು

ಸುಟ್ಟ ವಾಸನೆ ಬಂದರೆ, ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆ ಎದ್ದಿದ್ದರೆ, ಒಳಗೆ ಏನೋ ಗಲಗಲ ಅಂದರೆ ಆನ್ ಮಾಡಬೇಡಿ. ಗಲಗಲ ಅನ್ನುವುದು ಬಿಟ್ಟುಹೋದ ಸ್ಕ್ರೂ. ಅದು ಬೋರ್ಡಿನ ಮೇಲೆ ಹೊರಳಿ ಎರಡು ಕಡೆ ತಾಗಿದರೆ ಅಲ್ಲಿಗೆ ಮುಗಿಯಿತು. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸುವ ಕೆಲಸ ಯಾರೂ ಮಾಡಬಾರದು.

ಅಂಥದ್ದೇನೂ ಇಲ್ಲದಿದ್ದರೆ ಚಾರ್ಜರ್ ತೆಗೆದು ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಿಟ್ಟು, ಚಾರ್ಜರ್ ಹಾಕಿ ಆನ್ ಮಾಡಿ. ಸತ್ತಿತು ಅಂತ ಅಂದುಕೊಂಡದ್ದು ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ಪರದೆ ಇಲ್ಲದಿದ್ದರೆ ಎಚ್‌ಡಿಎಂಐ ಕೇಬಲಿನಲ್ಲಿ ಮನೆಯ ಟಿ.ವಿ.ಗೆ ಚುಚ್ಚಿ. ಟಿ.ವಿ.ಯಲ್ಲಿ ಬಂದರೆ ಬೋರ್ಡಿನ ಬಗ್ಗೆ ಅರ್ಧ ಚಿಂತೆ ಬಿಡಬಹುದು. ಡೆಲ್‌ನಲ್ಲಿ ಡಿ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಪರದೆ ಒಂದೊಂದೇ ಬಣ್ಣ ತೋರಿಸಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆನ್ ಮಾಡುವಾಗ ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಕಂಪನಿಯೇ ಒಳಗೆ ಇಟ್ಟ ಪರೀಕ್ಷೆಗಳು ಸಿಗುತ್ತವೆ. ದುಡ್ಡು ಕೊಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಪರೀಕ್ಷೆ ಸ್ವಲ್ಪ ಮುಜುಗರದ್ದು. ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಎಷ್ಟು ಜಿ.ಬಿ., ಎಸ್‌ಎಸ್‌ಡಿ ಯಾವ ಕಂಪನಿಯದ್ದು ಅಂತ ನೋಡಿ ಹಳೆಯ ಬಿಲ್ಲಿಗೆ ಹೋಲಿಸಿ. ವ್ಯತ್ಯಾಸ ಕಂಡರೆ ಸುಮ್ನೆ ಕೂರಬೇಡಿ. ಕಾಣದಿದ್ದರೆ ಅನುಮಾನಪಟ್ಟದ್ದನ್ನು ಯಾರಿಗೂ ಹೇಳಬೇಡಿ.

ಆನ್ ಆಗುತ್ತಿರುವಾಗಲೇ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಹಾಗೆಯೇ ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ನೋಡಿಕೊಳ್ಳಿ. ಈಗಿನ ಎಷ್ಟೋ ವಿಂಡೋಸ್ 11 ಯಂತ್ರಗಳಲ್ಲಿ ನಮಗೆ ಗೊತ್ತಿಲ್ಲದ ಹಾಗೆಯೇ ಡಿಸ್ಕಿಗೆ ಈ ಬಿಟ್‌ಲಾಕರಿನ ಬೀಗ ಬಿದ್ದಿರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ ಅದು ಆ ಕೀ ಕೇಳುತ್ತದೆ. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಎಂತ ಮಾಡುವುದು? ಬೋರ್ಡ್ ಸರಿಯಾದರೂ ಮಕ್ಕಳ ಫೋಟೋ ಸಿಗುವುದಿಲ್ಲ, ಮಾರಾಯ್ರೇ.

ಮನೆಯ ಮೇಜು

ನನ್ನ ಮೊದಲ ಆಯ್ಕೆ ಇದು, ಆದರೆ ಒಂದು ಷರತ್ತಿನ ಮೇಲೆ. ಕೈ ಹೋದ ದಾರಿ ಬರೀ ಸ್ಕ್ರೂ ಮತ್ತು ಪಿನ್ನುಗಳದ್ದಾಗಿರಬೇಕು. ಅಂಗಡಿಯವರು ಹೊಸ ಭಾಗಕ್ಕೆ ವಾರಂಟಿ ಕೊಟ್ಟಿದ್ದು ನಾವು ಬಿಚ್ಚಿದರೆ ಅದು ಹೋಗುತ್ತದೆ ಅಂತಿದ್ದರೆ ಮೊದಲು ಅವರಿಗೆ ಒಂದು ಅವಕಾಶ ಕೊಡಿ. ನಮ್ಮ ಕೀಬೋರ್ಡಿಗೆ ಅಂಥದ್ದೇನೂ ಇರಲಿಲ್ಲ.

ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮ ಎಷ್ಟೋ ಮಾಡೆಲ್‌ಗಳ ಸರ್ವಿಸ್ ಮ್ಯಾನ್ಯುಯಲನ್ನು ತಮ್ಮ ಸೈಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಯಾವ ತೂತಿಗೆ ಎಷ್ಟು ಉದ್ದದ ಸ್ಕ್ರೂ ಅನ್ನುವುದು ಅದರಲ್ಲಿ ಚಿತ್ರ ಸಮೇತ ಇರುತ್ತದೆ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ಸ್ಕ್ರೂ ಉರುಳದಿರಲಿ ಅಂತ ಪಕ್ಕದಲ್ಲಿ ಅಡಿಕೆ ಹಾಳೆಯ ತಟ್ಟೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಯಾವ ತೂತಿನ ಸ್ಕ್ರೂ ಅಲ್ಲಿಗೇ ಚುಚ್ಚಿಡುತ್ತ ಹೋದೆ.

ಅಲ್ಲೇ ಮೊದಲ ಸುಳಿವು ಸಿಕ್ಕಿತು. ತೂತು ಒಂಬತ್ತು, ಸ್ಕ್ರೂ ಏಳು. ಹಿಂಜಿನ ಹತ್ತಿರ ಇರಬೇಕಾದ ಉದ್ದದ ಸ್ಕ್ರೂವನ್ನು ಮುಂದಿನ ಮೂಲೆಗೆ ಹಾಕಿದ್ದರು. ವ್ಯತ್ಯಾಸ ಬರೀ ಎರಡು ಮಿಲಿಮೀಟರ್. ಅದರ ಮೂತಿ ಒಳಗಿನಿಂದ ಪ್ಲಾಸ್ಟಿಕ್ಕನ್ನು ತಳ್ಳಿ ಆ ಗುಳ್ಳೆ ಎಬ್ಬಿಸಿತ್ತು. ನಮ್ಮ ಅದೃಷ್ಟಕ್ಕೆ ಅಲ್ಲಿ ಬೋರ್ಡ್ ಇರಲಿಲ್ಲ. ಬೋರ್ಡ್ ಇರುವ ಜಾಗಕ್ಕೆ ಉದ್ದದ ಸ್ಕ್ರೂ ಹಾಕಿದರೆ ಅದು ಒಳಗಿನ ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ಕೊರೆದು ಹಾಕುತ್ತದೆ. ಆಮೇಲೆ ಯಾವ ಪಿನ್ ಚುಚ್ಚಿದರೂ ಉಪಯೋಗ ಇಲ್ಲ.

ಹಳೆಯ ಎ.ಟಿ.ಎಂ. ಕಾರ್ಡನ್ನು ಸಂದಿಯಲ್ಲಿ ಎಳೆಯುತ್ತ ಮುಚ್ಚಳ ಬಿಡಿಸಿದೆ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಪಿನ್ ಕಿತ್ತೆ. ಈ ಒಂದು ಕೆಲಸ ಮಾಡದಿದ್ದರೆ ಉಳಿದದ್ದು ಯಾವುದನ್ನೂ ಮಾಡಬೇಡಿ. ವೈಫೈ ಕಾರ್ಡಿನ ಮೇಲೆ ಕಪ್ಪು ಬಿಳಿ ಎರಡು ವೈರು ಕೂರಬೇಕು. ಬಿಳಿಯದು ಕೂತಿತ್ತು. ಕಪ್ಪು ವೈರಿನ ತುದಿಯ ಚಿನ್ನದ ಬಣ್ಣದ ಟೊಪ್ಪಿ, ಎಳ್ಳಿಗಿಂತ ಸ್ವಲ್ಪ ದೊಡ್ಡದು, ಟೇಪಿನ ಅಡಿಯಲ್ಲಿ ಸುಮ್ನೆ ಮಲಗಿತ್ತು. ಸರಿಯಾಗಿ ಮೇಲಿಟ್ಟು ಹೆಬ್ಬೆರಳಿನಿಂದ ನೇರ ಒತ್ತಿದೆ. ಟಿಕ್ ಅಂತು. ಓರೆ ಒತ್ತಿದರೆ ಅಡಿಯ ಕೊಂಡಿ ಜಜ್ಜಿ ಹೋಗುತ್ತದೆ, ಅದಕ್ಕೇ ಮೂರು ಸಲ ನೋಡಿ ಒತ್ತಿದ್ದು.

ಟಚ್‌ಪ್ಯಾಡ್? ಕಾಣೆಯಾದ ಎರಡು ಸ್ಕ್ರೂಗಳಲ್ಲಿ ಒಂದು ಅದರ ಅಂಚಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಈಗಲೂ ಸಿಕ್ಕಿಲ್ಲ.

ಕೈ ಹಾಕುವವರು ಗಮನಿಸಬೇಕಾದ ಇನ್ನೊಂದು ಜಾಗ ರಿಬ್ಬನ್ ಕೇಬಲಿನ ಬೀಗ. ತೆಳು ಹಾಳೆಯಂಥ ಕೇಬಲ್ ಹೋಗಿ ಕೂರುವಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ. ಕೆಲವು ಬಾಗಿಲಿನ ಹಾಗೆ ಮೇಲೆ ಏಳುತ್ತವೆ, ಕೆಲವು ಡ್ರಾಯರಿನ ಹಾಗೆ ಸ್ವಲ್ಪ ಹೊರಗೆ ಸರಿಯುತ್ತವೆ. ಏಳುವುದನ್ನು ಎಳೆದರೆ ಮುರಿಯುತ್ತದೆ. ಹಿಂದಿನವರು ಮುರಿದಿದ್ದರೆ ಅದರ ಮೇಲೆ ಟೇಪ್ ಕಾಣುತ್ತದೆ. ಟೇಪ್ ಹಾಕಿದ್ದು ಅಪರಾಧವೇನಲ್ಲ, ಆದರೆ ಕೀಬೋರ್ಡ್ ಆಗಾಗ ಕೈಕೊಡುವುದಕ್ಕೆ ಕಾರಣ ಅದೇ ಆಗಿರಬಹುದು. ರಿಬ್ಬನ್ ಮೇಲಿನ ಗೆರೆ ಬೀಗಕ್ಕೆ ಸಮಾನಾಂತರವಾಗಿ ಕೂತಿದೆಯಾ ನೋಡಿ. ಓರೆ ಇದ್ದರೆ ತೆಗೆದು ಮತ್ತೆ ಕೂರಿಸಿ.

ಖರ್ಚು? ಒಂದು ಒಳ್ಳೆಯ ಸಣ್ಣ ಸ್ಕ್ರೂಡ್ರೈವರ್ ಸೆಟ್. ಸಮಯ ಒಂದು ಭಾನುವಾರದ ಮಧ್ಯಾಹ್ನ. ಸ್ಕ್ರೂವಿನ ತಲೆ ಸವೆದಿದ್ದರೆ, ಅಂಟು ಮೆತ್ತಿದ್ದರೆ, ಬೋರ್ಡಿನ ಮೇಲೆ ಎಲ್ಲಿಯಾದರೂ ಜಿಡ್ಡು ಅಥವಾ ಕಂದು ಕಲೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಫೋಟೋ ತೆಗೆದು ಮುಚ್ಚಿ.

ಅದೇ ಅಂಗಡಿ

ಸಿಟ್ಟಿನಲ್ಲಿ ಎಲ್ಲರೂ ಮೊದಲು ತಳ್ಳಿ ಹಾಕುವ ದಾರಿ ಇದು. ನನಗೆ ಹಾಗನ್ನಿಸುವುದಿಲ್ಲ. ಒಳಗೆ ಏನೇನು ಬಿಚ್ಚಿದ್ದು, ಯಾವುದು ಮುರಿದದ್ದು ಅಂತ ಗೊತ್ತಿರುವುದು ಅವರಿಗೆ ಮಾತ್ರ. ಪಿನ್ ಬಿಟ್ಟದ್ದು, ಸ್ಕ್ರೂ ಮರೆತದ್ದು, ಹಾಕಿದ ಹೊಸ ಭಾಗವೇ ಕೆಟ್ಟದ್ದು, ಇಷ್ಟಕ್ಕೆಲ್ಲ ಅವರೇ ಸರಿ. ಖರ್ಚೂ ಇಲ್ಲ, ಅಥವಾ ಇರಬಾರದು.

ಹೋಗುವುದಾದರೆ ಒಂದು ವಾರದೊಳಗೆ ಹೋಗಿ. ಬಿಲ್ ಇರಲಿ. ಜಗಳ ಶುರು ಮಾಡುವ ಬದಲು "ಮೊದಲು ಇದು ಕೆಲಸ ಮಾಡುತ್ತಿತ್ತು, ಈಗ ಇಲ್ಲ, ನನ್ನ ಎದುರಿನಲ್ಲೇ ಒಮ್ಮೆ ಬಿಚ್ಚಿ ನೋಡುವನಾ?" ಅಂತ ಕೇಳಿ. ಎದುರಿನಲ್ಲಿ ಬಿಚ್ಚಲು ಒಪ್ಪಿದರೆ ಒಳ್ಳೆಯ ಲಕ್ಷಣ. "ಇಟ್ಟು ಹೋಗಿ, ನೋಡುವ" ಅಂದರೆ ಅರ್ಧ ಲಕ್ಷಣ. "ಬೋರ್ಡೇ ಹೋಗಿದೆ, ಹೊಸತು ಹಾಕಬೇಕು" ಅಂತ ಬಿಚ್ಚದೆಯೇ ಹೇಳಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬನ್ನಿ.

ನಮ್ಮ ಕಡೆ ಭಾಷೆಯದ್ದೊಂದು ಅನುಕೂಲ ಇದೆ. ಚೌಕಾಸಿ ತುಳುವಿನಲ್ಲಿ, ಬಿಲ್ ಇಂಗ್ಲಿಷಿನಲ್ಲಿ, ಗುಟ್ಟಿನ ಮಾತು ಮಲಯಾಳದಲ್ಲಿ, ಸಿಟ್ಟು ಕನ್ನಡದಲ್ಲಿ. ಅಂಗಡಿಯವನು ಒಳಗಿನ ಹುಡುಗನಿಗೆ ಎಂತ ಹೇಳಿದ ಅನ್ನುವುದು ನಮಗೆ ಹೇಗೂ ಗೊತ್ತಾಗುತ್ತದೆ.

ಬೋರ್ಡಿಗೆ ಬಿಸಿ ಕೊಟ್ಟು ಕೆಟ್ಟಿದ್ದರೆ ಮಾತ್ರ ಅದೇ ಕೈಗೆ ಎರಡನೇ ಸಲ ಕೊಡಬೇಡಿ.

ಅವರು ಒಪ್ಪಲೇ ಇಲ್ಲ ಅಂತಾದರೆ? ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೆಟ್ಟ ರಿಪೇರಿಯೂ ಸೇವೆಯ ಕೊರತೆಯೇ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ. ನಮ್ಮಂಥ ಗಡಿಯವರಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ದೂರುದಾರ ಇರುವ ಊರಿನ ಆಯೋಗದಲ್ಲೇ ದೂರು ಕೊಡಲು ಈ ಕಾಯ್ದೆ ಬಿಡುತ್ತದೆ. ಮಂಗಳೂರಿನ ಅಂಗಡಿ ಹಾಳು ಮಾಡಿದರೂ ಕಾಸರಗೋಡಿನಲ್ಲೇ ದೂರು ಹಾಕಬಹುದು, ಗಡಿಯ ತಲಪಾಡಿ ದಾಟಬೇಕಾಗಿಲ್ಲ. ಆದರೆ ಬಿಲ್ ಬೇಕು. ಜಿ.ಪೇ. ಮಾಡಿದ ದಾಖಲೆ, ವಾಟ್ಸಾಪ್ ಮಾತು, ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಎಂಟುನೂರು ರೂಪಾಯಿಯ ಕೆಲಸಕ್ಕೆ ಇಷ್ಟೆಲ್ಲ ಬೇಕಾ ಅಂದರೆ ನಾನಂತೂ ಹೋಗಲಿಕ್ಕಿಲ್ಲ. ಬೋರ್ಡ್ ಸುಟ್ಟಿದ್ದರೆ ಹೋಗುತ್ತೇನೆ.

ಪೇಟೆಯ ಇನ್ನೊಂದು ಅಂಗಡಿ

ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬದಲಿಸುವ ಕೆಲಸಕ್ಕೆ ಪರವಾಗಿಲ್ಲ: ಕೇಬಲ್, ಪರದೆ, ಬ್ಯಾಟರಿ, ಫ್ಯಾನ್. ಹಿಂದಿನವರು ಏನು ಮಾಡಿದರು ಅಂತ ಅವರಾಗಿ ಕೇಳಿದರೆ ಕೊಡಿ. ಕೇಳದೆ ರೇಟ್ ಹೇಳಿದರೆ ಕೊಡಬೇಡಿ. ಹಳೆಯ ಭಾಗ ವಾಪಸ್ ಬೇಕು ಅಂತ ಮೊದಲೇ ಹೇಳಿ.

ಚಿಪ್ ಲೆವೆಲ್: ಮಂಗಳೂರಿನ ಬಸ್ಸು

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಎರಡೂ ರಾಜ್ಯದ ಬಸ್ಸಿಗೆ ಹೆಸರೂ ಒಂದೇ, ಕೆ.ಎಸ್.ಆರ್.ಟಿ.ಸಿ. ರೈಲೂ ಇದೆ. ಒಂದು ದಿನದ ಕೆಲಸ ಅಂತ ಹೊರಟರೂ ಕೊಡಲು ಒಮ್ಮೆ, ತರಲು ಇನ್ನೊಮ್ಮೆ, ಎರಡು ದಿನ ಅಂತಲೇ ಲೆಕ್ಕ ಹಾಕಿ.

ಯಾವಾಗ ಹೋಗಬೇಕು? ಬೋರ್ಡಿಗೆ ಸೋಲ್ಡರ್ ತಾಗಿದಾಗ, ಫ್ಯೂಸ್ ಸುಟ್ಟಾಗ, ಉದ್ದದ ಸ್ಕ್ರೂ ಬೋರ್ಡನ್ನು ಕೊರೆದಾಗ, ಕನೆಕ್ಟರೇ ಕಿತ್ತು ಬಂದಾಗ. ಇವರ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇರಬೇಕು, ವೋಲ್ಟು ಆಂಪಿಯರ್ ತೋರಿಸುವ ಪವರ್ ಸಪ್ಲೈ ಇರಬೇಕು. ಎಲ್ಲಿ ಶಾರ್ಟ್ ಆಗಿದೆ ಅಂತ ಅಳೆದು ಹೇಳುವವರು ಇವರು. ಅಳೆಯದೆ "ಹೀಟ್ ಕೊಟ್ಟು ನೋಡುವ" ಅನ್ನುವವರು ಅಂಗಡಿಯ ಹೆಸರಿನ ಬೋರ್ಡಿನಲ್ಲಿ ಚಿಪ್ ಲೆವೆಲ್ ಅಂತ ಬರೆದಿದ್ದರೂ ಅದಲ್ಲ. ಬಿಸಿ ಗಾಳಿ ಊದಿದಾಗ ಚಿಪ್ಪು ಕೆಲವು ದಿನ ಎಚ್ಚರಾಗುತ್ತದೆ, ಮತ್ತೆ ಮಲಗುತ್ತದೆ. ಆ ಕೆಲವು ದಿನ ಅವರ ವಾರಂಟಿಗಿಂತ ಒಂದು ದಿನ ಹೆಚ್ಚಿರುತ್ತದೆ!

ಮುಳ್ಳೇರಿಯ ನನ್ನ ಭಾವನದ್ದು ಹಾಗೇ ಆಯಿತು. ಚಾರ್ಜಿಂಗ್ ಜ್ಯಾಕ್ ಸಡಿಲವಾಗಿತ್ತು. ಒಂದು ಕಡೆ ಸೋಲ್ಡರ್ ಮಾಡಿಸಿದ. ಆಮೇಲೆ ಪಿನ್ ಚುಚ್ಚಿದರೆ ದೀಪ ಬರುತ್ತದೆ, ಚಾರ್ಜ್ ಏರುವುದಿಲ್ಲ. ಅವನದ್ದು ನಡುವೆ ಸೂಜಿಯಂಥ ಪಿನ್ ಇರುವ ಡೆಲ್ ಜ್ಯಾಕು. ಆ ನಡುವಿನ ಪಿನ್ನಿನಿಂದಲೇ ಲ್ಯಾಪ್‌ಟಾಪ್ ಚಾರ್ಜರಿನ ಗುರುತು ಹಿಡಿಯುವುದು. ಗುರುತು ಸಿಗದಿದ್ದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಯಂತ್ರವೂ ನಿಧಾನ ಆಗುತ್ತದೆ. ಆ ಒಂದು ಸಣ್ಣ ವೈರಿನ ಬೆಸುಗೆ ನೋಡಿದ್ದರೆ ಬಹುಶಃ ಮುಗಿಯುತ್ತಿತ್ತು. ಇನ್ನೊಂದು ಅಂಗಡಿಯವರು ಚಾರ್ಜಿಂಗ್ ಐ.ಸಿ. (ಚಾರ್ಜ್ ನೋಡಿಕೊಳ್ಳುವ ಚಿಪ್ಪು) ಹೋಗಿದೆ ಅಂತ ಅದನ್ನು ಕಿತ್ತು ಬೇರೆ ಹಾಕಿದರು. ಆಮೇಲೆ ಆನೂ ಆಗಲಿಲ್ಲ.

ನನ್ನ ಹತ್ತಿರ ತಂದಾಗ ಮುಚ್ಚಳ ತೆಗೆದು ನೋಡಿದೆ. ಐ.ಸಿ.ಯ ಸುತ್ತ ಜೇನಿನ ಹಾಗೆ ಅಂಟು ಅಂಟು. ಬೆಸುಗೆಗೆ ಹಾಕಿದ ಫ್ಲಕ್ಸನ್ನು ತೊಳೆದೇ ಇರಲಿಲ್ಲ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಬಿಟ್ಟ ಫ್ಲಕ್ಸ್ ತೇವ ಹಿಡಿದರೆ ಸ್ವಲ್ಪ ದಿನದಲ್ಲಿ ಬೆಸುಗೆಗೆ ಹಸಿರು ಪಾಚಿಯಂಥ ತುಕ್ಕು ಬರುತ್ತದೆ. ಆಗಲೇ ಒಂದು ಮೂಲೆಯಲ್ಲಿ ಬಂದಿತ್ತು. ಒಳ್ಳೆಯ ಕೆಲಸಗಾರ ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ತೊಳೆಯುತ್ತಾನೆ. ಕೆಲಸ ಹೇಗಿದೆ ಅಂತ ನೋಡಲು ನಮ್ಮಂಥವರಿಗೆ ಇದೇ ಸುಲಭದ ಗುರುತು: ತೊಳೆದಿದ್ದಾನಾ ಇಲ್ಲವಾ?

"ಭಾವ, ಇನ್ನೊಬ್ಬರಿಗೆ ಕೊಟ್ಟು ನೋಡುವುದಾ?" ಅಂದ.

"ಮಂಗಳೂರಿನಲ್ಲಿ ಬರೀ ತೋರಿಸು. ಬಿಸಿ ಕೊಡುವ ಮೊದಲು ನನಗೆ ಫೋನ್ ಮಾಡು" ಅಂದೆ.

ಅಲ್ಲಿಯ ಹುಡುಗ ಮೈಕ್ರೋಸ್ಕೋಪಿನಲ್ಲಿ ನೋಡಿ ನೇರ ಹೇಳಿದನಂತೆ: ಐ.ಸಿ. ಕೂರುವ ಪ್ಯಾಡುಗಳೇ ಎದ್ದು ಹೋಗಿವೆ, ಮಾಡಬಹುದು, ಗ್ಯಾರಂಟಿ ಕೊಡುವುದಿಲ್ಲ. ನೋಡಿದ್ದಕ್ಕೆ ಸಣ್ಣ ಮೊತ್ತ ತೆಗೆದುಕೊಂಡ. ಆ ದುಡ್ಡು ದಂಡ ಅಂತ ಭಾವ ಇವತ್ತಿಗೂ ಹೇಳುತ್ತಾನೆ. ನನ್ನ ಲೆಕ್ಕದಲ್ಲಿ ಆ ಇಡೀ ಪ್ರಕರಣದಲ್ಲಿ ಸರಿಯಾಗಿ ಖರ್ಚಾದದ್ದು ಅದೊಂದೇ.

ಕಂಪನಿಯ ಸರ್ವಿಸ್ ಸೆಂಟರ್

ಮೊದಲು ವಾರಂಟಿ ಇದೆಯಾ ನೋಡಿ. ಲ್ಯಾಪ್‌ಟಾಪಿನ ಅಡಿಯ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ಯಾವ ದಿನದವರೆಗೆ ಅಂತ ತೋರಿಸುತ್ತದೆ. ವಾರಂಟಿ ಇದ್ದೂ ಹೊರಗೆ ಬಿಚ್ಚಿಸುವವರು ನಮ್ಮಲ್ಲಿ ಬೇಕಾದಷ್ಟು ಜನ, ಸರ್ವಿಸ್ ಸೆಂಟರ್ ದೂರ ಅನ್ನುವ ಒಂದೇ ಕಾರಣಕ್ಕೆ. ನಿಮ್ಮದು ಮನೆಗೇ ಬರುವ ವಾರಂಟಿ ಆಗಿದ್ದರೆ ದೂರದ ಮಾತೇ ಇಲ್ಲ, ಅಲ್ವಾ?

ಹೊರಗಿನವರು ಮುರಿದದ್ದನ್ನು ವಾರಂಟಿಯಲ್ಲಿ ಮಾಡಿಕೊಡುವುದಿಲ್ಲ. ಅದನ್ನು ಮುಚ್ಚಿಟ್ಟು ಕೊಡಬೇಡಿ, ಬಿಚ್ಚಿದ ತಕ್ಷಣ ಅವರಿಗೆ ಗೊತ್ತಾಗುತ್ತದೆ. ಇವರದ್ದು ಬೆಸುಗೆ ಹಾಕುವ ಪದ್ಧತಿ ಅಲ್ಲ. ಬೋರ್ಡಿನಲ್ಲಿ ಹತ್ತು ರೂಪಾಯಿಯ ಬಿಡಿಭಾಗ ಹೋಗಿದ್ದರೂ ಬೋರ್ಡನ್ನೇ ಬದಲಿಸುತ್ತಾರೆ. ಅದಕ್ಕೇ ಬಿಲ್ ನೋಡಿದರೆ ತಲೆ ತಿರುಗುತ್ತದೆ. ಹಾಕುವ ಭಾಗ ಅಸಲಿ, ಕೆಲಸ ಶುದ್ಧ, ಅದರ ಬೆಲೆ ಅದು. ಮೂರು ವರ್ಷದೊಳಗಿನ ದುಬಾರಿ ಲ್ಯಾಪ್‌ಟಾಪಿಗೆ ಲೆಕ್ಕ ಕೂಡುತ್ತದೆ. ಹಳೆಯದಕ್ಕೆ ಕೂಡುವುದಿಲ್ಲ. ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಹಳೆಯದಕ್ಕೂ ಇಲ್ಲಿಗೇ ಹೋಗುತ್ತೇನೆ. ಡೂಪ್ಲಿಕೇಟ್ ಬ್ಯಾಟರಿ ಆರು ತಿಂಗಳಲ್ಲಿ ಉಬ್ಬಿದ್ದು ನೋಡಿದ ಮೇಲೆ, ರಾತ್ರಿ ಹಾಸಿಗೆಯ ಪಕ್ಕ ಚಾರ್ಜಿಗೆ ಇಡುವ ವಸ್ತುವಿನಲ್ಲಿ ಉಳಿತಾಯ ಮಾಡುವ ಆಸೆ ಹೋಯಿತು.

ಕೊಡುವ ಮೊದಲು ಎಸ್ಟಿಮೇಟ್ ಕೇಳಿ, ಬೇಡ ಅಂದರೆ ನೋಡಿದ್ದಕ್ಕೆ ಎಷ್ಟು ಕೊಡಬೇಕು ಅಂತಲೂ ಕೇಳಿ. ಡಾಟಾಕ್ಕೆ ಅವರು ಜವಾಬ್ದಾರರಲ್ಲ ಅಂತ ಫಾರ್ಮಿನಲ್ಲಿ ಬರೆದಿರುತ್ತದೆ. ಅದು ಸುಮ್ನೆ ಬರೆದದ್ದಲ್ಲ.

ಬಿಡುವುದಾದರೆ

ನನ್ನ ಅಳತೆ ಇಷ್ಟು: ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಸಿಗುತ್ತದೆ ನೋಡಿ. ರಿಪೇರಿ ಅದರ ಅರ್ಧ ದಾಟಿದರೆ ಬಿಡಿ. ಅದರ ಮೇಲೆ ಇನ್ನೊಂದು ಲೆಕ್ಕ ಈಗ ಸೇರಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದ್ದಾದರೂ ಬೇಕು. ಅದಕ್ಕಿಂತ ಹಳೆಯ ಯಂತ್ರದ ಬೋರ್ಡಿಗೆ ಸಾವಿರಗಟ್ಟಲೆ ಸುರಿಯುವುದು ನನಗಂತೂ ಮನಸ್ಸಿಗೆ ಬರುವುದಿಲ್ಲ, ನೀವು ಲಿನಕ್ಸ್ ಬಳಸುವವರಾದರೆ ಬೇರೆ ಮಾತು.

ಬಿಡುವುದು ಅಂದರೆ ಇಡೀ ಲ್ಯಾಪ್‌ಟಾಪನ್ನು ಗುಜರಿಯವನ ಚೀಲಕ್ಕೆ ಹಾಕುವುದಲ್ಲ. ಎಸ್‌ಎಸ್‌ಡಿ ಬಿಚ್ಚಿ ಇಟ್ಟುಕೊಳ್ಳಿ. ಯು.ಎಸ್.ಬಿ. ಕೇಸ್ ತಂದು ಅದರೊಳಗೆ ಹಾಕಿದರೆ ಪೆನ್‌ಡ್ರೈವಿನ ಹಾಗೆ ಕೆಲಸ ಮಾಡುತ್ತದೆ. ತರುವಾಗ ನಿಮ್ಮ ಎಸ್‌ಎಸ್‌ಡಿ ಎನ್‌ವಿಎಂಇ ಜಾತಿಯದ್ದೋ ಸಾಟಾ ಜಾತಿಯದ್ದೋ ನೋಡಿ ತನ್ನಿ, ಸಣ್ಣ ಪಟ್ಟಿಯಂಥವು ನೋಡಲು ಒಂದೇ ಥರ ಇರುತ್ತವೆ. ರ‍್ಯಾಮ್, ಪರದೆ, ಚಾರ್ಜರ್ ಒಳ್ಳೆಯದಿದ್ದರೆ ರಿಪೇರಿ ಅಂಗಡಿಯವರೇ ತೆಗೆದುಕೊಳ್ಳುತ್ತಾರೆ.

ಭಾವನದ್ದು ಹಾಗೇ ಮಾಡಿದೆವು. ಎಸ್‌ಎಸ್‌ಡಿಯಲ್ಲಿ ತೋಟದ ಹತ್ತು ವರ್ಷದ ಲೆಕ್ಕ, ಮಗನ ಉಪನಯನದ ಫೋಟೋ, ಎಲ್ಲ ಇತ್ತು. ಕೇಸಿಗೆ ಹಾಕಿ ನನ್ನ ಕಂಪ್ಯೂಟರಿಗೆ ಚುಚ್ಚಿದಾಗ ಬಿಟ್‌ಲಾಕರಿನ ಕೀ ಕೇಳಿತು. ಮೈಕ್ರೋಸಾಫ್ಟ್ ಖಾತೆ ಮಾಡಿಕೊಟ್ಟದ್ದು ಮಗ, ಅವನು ಬೆಂಗಳೂರಿನಲ್ಲಿ. ಫೋನಿನಲ್ಲಿ ಅವನು ಆರಾರು ಅಂಕಿ ಹೇಳುತ್ತ ಹೋದ, ಭಾವ ಅಡಿಕೆ ವ್ಯಾಪಾರದ ಚೀಟಿಯ ಹಿಂದೆ ಬರೆದುಕೊಂಡ, ನಾನು ಒತ್ತಿದೆ. ಎರಡನೇ ಸಲಕ್ಕೆ ತೆರೆಯಿತು.